ಹೊನ್ನಾಳಿ ರಸ್ತೆಯಲ್ಲಿ ಒಂದು ಮೊಳ ಜಾಗ

ಹೊನ್ನಾಳಿ ಪಟ್ಟಣಕ್ಕೆ ರೈಲಿಲ್ಲ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ, ತುಂಗಭದ್ರೆ ಎಂಬ ಹೆಸರು ಪಡೆದು ಹರಿದು ಬರುವಾಗ ದಡದಲ್ಲಿ ಮೊದಲು ಸಿಗುವ ತಾಲ್ಲೂಕು ಕೇಂದ್ರ ಇದು. ಇಲ್ಲಿಗೆ ಬರುವವರು, ಇಲ್ಲಿಂದ ಹೋಗುವವರು ಎಲ್ಲರೂ ರಸ್ತೆಯನ್ನೇ ನಂಬಿದವರು. ಶಿವಮೊಗ್ಗಕ್ಕೆ ಸುಮಾರು 40 ಕಿಲೋಮೀಟರ್. ಹರಿಹರಕ್ಕೂ ಹೆಚ್ಚುಕಡಿಮೆ ಅಷ್ಟೇ. 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಊರು, ಆ ವರ್ಷ ದಾವಣಗೆರೆ ಹೊಸ ಜಿಲ್ಲೆಯಾದಾಗ ಅದರ ಪಾಲಿಗೆ ಬಂತು. ಜಿಲ್ಲೆ ಬದಲಾಯಿತೇ ಹೊರತು ಜನರ ಓಡಾಟ ಬದಲಾಗಲಿಲ್ಲ. ಆಸ್ಪತ್ರೆ, ಕಾಲೇಜು, ಜವಳಿ ಎಂದು ಈಗಲೂ ಅರ್ಧ ಊರು ಶಿವಮೊಗ್ಗದ ಬಸ್ಸಿಗೆ ಕಾಯುತ್ತದೆ, ಇನ್ನರ್ಧ ದಾವಣಗೆರೆಯ ಬಸ್ಸಿಗೆ.

ಹೊರಗಿನವರಿಗೆ ನಮ್ಮೂರು ಗೊತ್ತಿರುವುದು ಹೆಚ್ಚಾಗಿ ‘ಹೊನ್ನಾಳಿ ಹೊಡ್ತ’ ಎಂಬ ಮಾತಿನಿಂದ. ಮಾತು ಕೇಳಿ ಹೆದರಬೇಕಾಗಿಲ್ಲ. ಇಲ್ಲಿನವರ ದನಿ ಗಟ್ಟಿ, ಮನಸ್ಸು ಮೆತ್ತಗೆ. ಎರಡನ್ನೂ ಒಟ್ಟಿಗೆ ನೋಡಬೇಕೆನ್ನುವವರು ಬೆಳಿಗ್ಗೆ ಒಂಬತ್ತು ಗಂಟೆಗೆ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಅರ್ಧ ತಾಸು ನಿಲ್ಲಬೇಕು.

ಆ ಹೊತ್ತಿಗೆ ಶಿವಮೊಗ್ಗದ ಕಡೆಯಿಂದ ಒಂದು ಬಸ್ಸು, ಹರಿಹರದ ಕಡೆಯಿಂದ ಇನ್ನೊಂದು ಬಂದು ಸೇರುತ್ತವೆ. ನ್ಯಾಮತಿ, ಶಿಕಾರಿಪುರದ ದಿಕ್ಕಿನಿಂದ ಮಕ್ಕಳನ್ನು ತುಂಬಿಕೊಂಡ ಆಟೊಗಳು ಬರುತ್ತವೆ. ಗೊಬ್ಬರದ ಅಂಗಡಿಯ ಮುಂದೆ ಲಾರಿಯೊಂದು ಹಿಮ್ಮುಖವಾಗಿ ಸರಿಯುತ್ತಿರುತ್ತದೆ. ಟ್ರ್ಯಾಕ್ಟರು ತನ್ನ ಟ್ರೇಲರನ್ನು ಎಳೆದುಕೊಂಡು ಮದುವೆಗೆ ಹೊರಟ ಹಿರಿಯರಂತೆ ಸಾವಧಾನವಾಗಿ ತಿರುಗುತ್ತದೆ. ನಡುವೆ ಎರಡು ಹಾಲಿನ ಕ್ಯಾನು ತೂಗುಹಾಕಿಕೊಂಡ ಮೊಪೆಡ್ಡು, ತಳ್ಳುಗಾಡಿ, ಯಾವುದಕ್ಕೂ ಜಗ್ಗದೆ ರಸ್ತೆಯ ನಡುವೆ ಮೆಲುಕು ಹಾಕುವ ಒಂದೆರಡು ದನ. ಎಲ್ಲ ನಿಂತಿತು ಎನ್ನುವಷ್ಟರಲ್ಲಿ ಬೈಕುಗಳು ಮಾತ್ರ ನಿಲ್ಲುವುದಿಲ್ಲ. ಬೇಸಿಗೆಯ ಹೊಳೆಯಲ್ಲಿ ನೀರು ಬಂಡೆಗಳ ಸಂದಿ ಹುಡುಕಿಕೊಳ್ಳುವಂತೆ ಬಸ್ಸಿನ ಪಕ್ಕ, ಲಾರಿಯ ಪಕ್ಕ ಒಂದೊಂದಾಗಿ ನುಸುಳಿ ಮುಂದೆ ಹೋಗುತ್ತವೆ.

ಇಂಗ್ಲಿಷಿನಲ್ಲಿ ಇದಕ್ಕೆ ಫಿಲ್ಟರಿಂಗ್ ಎನ್ನುತ್ತಾರೆ, ಅಂದರೆ ಸೋಸುವಿಕೆ. ಪ್ರಯೋಗಶಾಲೆಯ ಸೋಸುಕಾಗದದಲ್ಲಿ ದೊಡ್ಡ ಕಣ ಮೇಲುಳಿದು ಸಣ್ಣ ಕಣ ಇಳಿದುಹೋಗುವಂತೆ, ನಿಂತ ವಾಹನಗಳ ನಡುವೆ ಸಣ್ಣ ವಾಹನ ಮುಂದೆ ಸಾಗುತ್ತದೆ. ಹೊನ್ನಾಳಿಯಲ್ಲಿ ನಾವು ‘ಸಂದೀಲಿ ನುಗ್ಗೋದು’ ಎನ್ನುತ್ತೇವೆ. ಇದು ತಪ್ಪೇ, ಸರಿಯೇ? ಹಿರಿಯರನ್ನು ಕೇಳಿದರೆ “ಈಗಿನ ಹುಡುಗರಿಗೆ ತಾಳ್ಮೆ ಇಲ್ಲ” ಎನ್ನುತ್ತಾರೆ. ಹುಡುಗರನ್ನು ಕೇಳಿದರೆ “ಜಾಗ ಇತ್ತು, ಹೋದ್ವಿ ಸಾರ್” ಎನ್ನುತ್ತಾರೆ. ಎರಡೂ ಅರ್ಧ ಉತ್ತರಗಳು. ಪೂರ್ತಿ ಉತ್ತರ ಬೇಕಾದರೆ ಸ್ವಲ್ಪ ಲೆಕ್ಕ ಮಾಡಬೇಕು.

ಸಂದಿಯ ಲೆಕ್ಕ

ಎರಡು ಸಾಲು ವಾಹನ ಓಡಾಡುವ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 7 ಮೀಟರ್. ಒಂದು ಬಸ್ಸಿನ ಅಗಲ ಸುಮಾರು ಎರಡೂವರೆ ಮೀಟರ್. ಎರಡು ಬಸ್ಸು ಎದುರುಬದುರಾಗಿ ಬಂದು ಅಕ್ಕಪಕ್ಕ ನಿಂತವೆನ್ನಿ. ಐದು ಮೀಟರ್ ಅವಕ್ಕೇ ಹೋಯಿತು. ಉಳಿದ 2 ಮೀಟರ್ ಮೂರು ಪಾಲಾಗುತ್ತದೆ: ಎಡ ಅಂಚಿನಲ್ಲಿ ಒಂದು, ಬಲ ಅಂಚಿನಲ್ಲಿ ಒಂದು, ಎರಡು ಬಸ್ಸಿನ ನಡುವೆ ಒಂದು. ಸಮನಾಗಿ ಹಂಚಿದರೆ ಪಾಲಿಗೆ ಸುಮಾರು 67 ಸೆಂಟಿಮೀಟರ್. ನಮ್ಮ ಸಾಧಾರಣ ಬೈಕಿನ ಹ್ಯಾಂಡಲ್ಲಿನ ಅಗಲವೇ 70ರಿಂದ 80 ಸೆಂಟಿಮೀಟರ್. ಸವಾರನ ಮೊಣಕಾಲು, ಬೈಕಿನ ಕನ್ನಡಿ, ಬಸ್ಸಿನ ಕನ್ನಡಿ ಇವೆಲ್ಲ ಬೇರೆ. ಹುಲ್ಲಿನ ಹೊರೆ ಕಟ್ಟಿದ ಮೊಪೆಡ್ಡಿನ ಮಾತೇ ಬೇಡ.

ಲೆಕ್ಕದ ಪ್ರಕಾರ ಬೈಕು ಹೋಗಲಾರದು. ಆದರೆ ದಿನವೂ ಹೋಗುತ್ತಿದೆ. ಹೇಗೆ?

ಇದನ್ನು ಒಂಬತ್ತನೇ ತರಗತಿಯಲ್ಲಿ ಕೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಡ್ರೈವರಣ್ಣ ಗಾಡಿ ಸೈಡಿಗೆ ತಗಂತಾನೆ ಸಾರ್” ಅಂದ. ಪುಸ್ತಕದಲ್ಲಿಲ್ಲದ ಸರಿ ಉತ್ತರ. ಬಸ್ಸಿನ ಚಾಲಕ ಸ್ಟೇರಿಂಗನ್ನು ತುಸು ಎಡಕ್ಕೆ ಎಳೆದು, ಒಂದು ಗಾಲಿಯನ್ನು ಮಣ್ಣಿನ ಅಂಚಿಗೆ ಇಳಿಸುತ್ತಾನೆ. ನಡುವಿನ ಸಂದಿ ಒಂದು ಮೊಳ ಹಿಗ್ಗುತ್ತದೆ. ಮೊಳವೆಂದರೆ ಮೊಣಕೈಯಿಂದ ಬೆರಳಿನ ತುದಿಯವರೆಗೆ, ಸುಮಾರು 45 ಸೆಂಟಿಮೀಟರ್. ಆ ಒಂದು ಮೊಳದಲ್ಲಿ ಬೈಕು ಪಾರಾಗುತ್ತದೆ.

ಹುಡುಗರು ‘ಜಾಗ ಇತ್ತು’ ಎನ್ನುತ್ತಾರಲ್ಲ, ಆ ಜಾಗ ಇರಲಿಲ್ಲ; ಯಾರೋ ಕೊಟ್ಟರು. ಅರವತ್ತು ಜನರನ್ನು ಕೂರಿಸಿಕೊಂಡು, ಮಣ್ಣಿನ ಅಂಚು ಕುಸಿದೀತೆಂಬ ಅಳುಕನ್ನೂ ಇಟ್ಟುಕೊಂಡು ಒಬ್ಬ ಚಾಲಕ ಕೊಟ್ಟದ್ದು ಅದು. ಕೊಟ್ಟದ್ದನ್ನು ಪಡೆಯುವ ರೀತಿ ಬೇರೆ, ಕಿತ್ತುಕೊಳ್ಳುವ ರೀತಿ ಬೇರೆ. ಸಂದಿಯಲ್ಲಿ ಹೋಗುವುದು ತಪ್ಪೋ ಸರಿಯೋ ಎಂಬುದು ಬಹುಮಟ್ಟಿಗೆ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಕನ್ನಡಿಯಲ್ಲಿ ಮುಖ ಕಾಣದಿದ್ದರೆ

ಕೊಡುವವನು ಕೊಡಬೇಕಾದರೆ ಬೇಡುವವನು ಅವನ ಕಣ್ಣಿಗೆ ಕಾಣಬೇಕು. ದೊಡ್ಡ ವಾಹನಗಳ ಸುತ್ತ ಕಣ್ಣಿಗೆ ಬೀಳದ ಮೂಲೆಗಳು ಎಷ್ಟಿವೆ ಎಂಬುದನ್ನು ನೆಲದ ಮೇಲೆ ನಿಂತವರು ಊಹಿಸಲಾರರು. ಶಾಲೆಯ ಪ್ರವಾಸಕ್ಕೆ ಬಸ್ಸು ಬಂದಾಗ ಚಾಲಕರ ಒಪ್ಪಿಗೆ ಪಡೆದು ಒಂದು ಚಿಕ್ಕ ಪ್ರಯೋಗ ಮಾಡಿದ್ದೆವು. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಒಬ್ಬಳು ವಿದ್ಯಾರ್ಥಿನಿಯನ್ನು ಚಾಲಕರ ಆಸನದಲ್ಲಿ ಕೂರಿಸಿದೆವು. ಉಳಿದವರನ್ನು ಬಸ್ಸಿನ ಸುತ್ತ ಹತ್ತಿರ ಹತ್ತಿರ ನಿಲ್ಲಿಸಿದೆವು. “ಯಾರ್ಯಾರು ಕಾಣ್ತಾರಮ್ಮ, ಹೇಳು” ಎಂದರೆ ಆಕೆ ಬಲಗಡೆಯ ನಾಲ್ವರ ಹೆಸರು ಹೇಳಿ ಸುಮ್ಮನಾದಳು. “ಎಡಗಡೆ ಯಾರೂ ಇಲ್ಲ ಸಾರ್, ಅವರೆಲ್ಲ ಎಲ್ಲಿಗೆ ಹೋದ್ರು?” ಎಡಗಡೆ ಬಾಗಿಲಿನ ಮುಂದೆ ಐದು ಜನ ನಿಂತು ಕಿಸಿಕಿಸಿ ನಗುತ್ತಿದ್ದರು. ಬಸ್ಸಿನ ಹಿಂದೆ ನಿಂತವರಂತೂ ಒಬ್ಬರೂ ಕಾಣಲಿಲ್ಲ. ಚಾಲಕರು ಬೀಡಾ ಜಗಿಯುತ್ತಾ, “ನಾವು ದಿನಾ ನೋಡೋದು ಇಷ್ಟೇ ಮೇಷ್ಟ್ರೇ. ಹುಡುಗ್ರು ಅಲ್ಲೇ ಬಂದು ತೂರ್ತಾವೆ” ಎಂದರು.

ಬೆಳಕಿನ ಪಾಠದಲ್ಲಿ ಒಂದು ಮಾತು ಬರುತ್ತದೆ. ಬೆಳಕಿನ ಕಿರಣ ಯಾವ ದಾರಿಯಲ್ಲಿ ಹೋಗುತ್ತದೆಯೋ ಅದೇ ದಾರಿಯಲ್ಲಿ ಹಿಂದಿರುಗಬಲ್ಲದು. ಪರೀಕ್ಷೆಗೆ ಬಾಯಿಪಾಠ ಮಾಡುವ ಈ ಮಾತು ರಸ್ತೆಯಲ್ಲಿ ಪ್ರಾಣ ಉಳಿಸುತ್ತದೆ. ಬಸ್ಸಿನ ಪಕ್ಕದ ಕನ್ನಡಿಯಲ್ಲಿ ನಿಮಗೆ ಚಾಲಕನ ಮುಖ ಕಂಡರೆ ಅವನಿಗೂ ನೀವು ಕಾಣಬಲ್ಲಿರಿ. ಅವನ ಮುಖ ಕಾಣದಿದ್ದರೆ ಆ ಕನ್ನಡಿಯ ಮಟ್ಟಿಗೆ ನೀವು ಅಲ್ಲಿ ಇಲ್ಲವೇ ಇಲ್ಲ. ಎಡಗಡೆಯಿಂದ ನುಗ್ಗುವವರು ಇನ್ನೂ ಒಂದನ್ನು ನೆನಪಿಡಬೇಕು. ಬಸ್ಸಿನ ಬಾಗಿಲಿರುವುದು ಎಡಕ್ಕೆ. ನಿಂತ ಬಸ್ಸಿನಿಂದ ಅಜ್ಜಿಯೊಬ್ಬರು ಚೀಲದ ಸಮೇತ ಇಳಿಯುವುದೂ ಎಡಕ್ಕೇ.

ಹುಲ್ಲಿನ ಗುಡ್ಡದ ಹಿಂದೆ

ಪಟ್ಟಣ ದಾಟಿ ಹಳ್ಳಿಯ ದಾರಿ ಹಿಡಿದರೆ ಪಾಠ ಬದಲಾಗುತ್ತದೆ. ಭದ್ರಾ ನಾಲೆಯ ನೀರುಂಡ ಊರುಗಳಲ್ಲಿ ಭತ್ತದ ಕೊಯ್ಲು ಮುಗಿಯುತ್ತಲೇ ಹುಲ್ಲಿನ ಸಾಗಾಟ ಶುರು. ಟ್ರೇಲರಿನ ಮೇಲೆ ಎತ್ತರಕ್ಕೆ, ಅಗಲಕ್ಕೆ, ಹಿಂದಕ್ಕೆ ಹುಲ್ಲು ಒಟ್ಟಿ ಹಗ್ಗ ಬಿಗಿದರೆ ದೂರಕ್ಕೆ ಒಂದು ಬಣವೆಯೇ ಎದ್ದು ನಡೆದಂತೆ ಕಾಣುತ್ತದೆ. ಮುಂದೆ ಕೂತ ಚಾಲಕನ ಕನ್ನಡಿಯಲ್ಲಿ ಕಾಣುವುದು ಹುಲ್ಲು ಮಾತ್ರ. ಎಂಜಿನ್ನಿನ ಸದ್ದಿನ ಮೇಲೆ ಹಾಡಿನ ಪೆಟ್ಟಿಗೆಯೂ ಹಚ್ಚಿದ್ದರೆ ಹಿಂದಿನವನ ಹಾರ್ನು ಕೇಳಿಸುವುದಿಲ್ಲ. ಅವನ ಪಾಲಿಗೆ ಹಿಂದೆ ಪ್ರಪಂಚವೇ ಇಲ್ಲ.

ಹಿಂದೆ ಬೈಕಿನಲ್ಲಿರುವವನ ಕಣ್ಣಿಗೆ ಹುಲ್ಲಿನ ಎಳೆ, ಧೂಳು. ಎದುರು ರಸ್ತೆ ಕಾಣುವುದಿಲ್ಲ. ಟ್ರ್ಯಾಕ್ಟರಿನ ವೇಗವೋ ಹದಿನೈದು ಇಪ್ಪತ್ತು ಕಿಲೋಮೀಟರು. ಎರಡು ನಿಮಿಷ ಹಿಂದೆ ಹೋದರೆ ಎರಡು ಗಂಟೆ ಹೋದಂತೆ ಅನಿಸುತ್ತದೆ. ಆಗ ಆಕ್ಸಿಲೇಟರು ತಿರುವಿ ಒಮ್ಮೆಲೇ ಬಲಕ್ಕೆ ಹೊರಬೀಳುವವರಿದ್ದಾರೆ. ಎದುರಿಗೆ ಏನೂ ಬರದಿದ್ದರೆ ಬದುಕಿದರು. ಹೊಲದ ದಾರಿ ಬಂತೆಂದು ಅದೇ ಕ್ಷಣ ಟ್ರ್ಯಾಕ್ಟರು ಬಲಕ್ಕೆ ತಿರುಗಿದರೆ?

ಟ್ರೇಲರ್ ತಿರುಗುವ ರೀತಿಯನ್ನೂ ಮಕ್ಕಳು ಗಮನಿಸಬೇಕು. ತಿರುವಿನಲ್ಲಿ ಟ್ರ್ಯಾಕ್ಟರಿನ ಮುಂದಿನ ಗಾಲಿ ಹೋದ ಜಾಡಿನಲ್ಲೇ ಟ್ರೇಲರಿನ ಗಾಲಿ ಹೋಗುವುದಿಲ್ಲ. ಅದು ತಿರುವಿನ ಒಳಗಿನಿಂದ, ಮೂಲೆಯನ್ನು ಕತ್ತರಿಸಿಕೊಂಡು ಬರುತ್ತದೆ. ಟ್ರ್ಯಾಕ್ಟರು ಮುಂದೆ ಹೋಯಿತಲ್ಲ, ಜಾಗ ಖಾಲಿಯಾಯಿತು ಎಂದು ಒಳಮೂಲೆಯ ಸಂದಿಗೆ ಬೈಕು ನುಗ್ಗಿಸಿದರೆ ಆ ಸಂದಿ ನೋಡನೋಡುತ್ತಲೇ ಮುಚ್ಚಿಕೊಳ್ಳುತ್ತದೆ. ಇಲ್ಲಿ ಚಾಲಕನ ಸೌಜನ್ಯಕ್ಕೂ ಅವಕಾಶವಿಲ್ಲ, ಏಕೆಂದರೆ ಅವನಿಗೆ ಗೊತ್ತೇ ಆಗುವುದಿಲ್ಲ. ತಿರುಗುವ ವಾಹನದ ಒಳಮೂಲೆಗೆ ಹೋಗಬಾರದು ಎಂಬುದು ಸಂದಿಯ ಮೊದಲ ನಿಯಮ.

ಮೆಕ್ಕೆಜೋಳದ ಕಾಲದಲ್ಲಿ ಇನ್ನೊಂದು ನೋಟ. ದಾವಣಗೆರೆ ಜಿಲ್ಲೆ ಮೆಕ್ಕೆಜೋಳಕ್ಕೆ ಹೆಸರಾದದ್ದು. ಕೊಯ್ಲಿನ ಹೊತ್ತಿಗೆ ಕಣ ಸಾಲದೆ ಎಷ್ಟೋ ಕಡೆ ರಸ್ತೆಯ ಅರ್ಧ ಭಾಗವೇ ಕಣವಾಗುತ್ತದೆ. ಚಿನ್ನದ ಬಣ್ಣದ ಕಾಳಿನ ಹಾಸು, ಅಂಚಿಗೆ ಕಲ್ಲುಗಳ ಸಾಲು. ನೋಡಲು ಚೆಂದ. ರೈತರ ಕಷ್ಟವೂ ಅರ್ಥವಾಗುವಂಥದ್ದೇ. ಕಾಳು ಒಣಗದಿದ್ದರೆ ಬೆಲೆ ಇಲ್ಲ. ಆದರೆ ಏಳು ಮೀಟರಿನ ರಸ್ತೆ ಮೂರೂವರೆ ಆಗುತ್ತದೆ. ಎರಡು ಕಡೆಯ ವಾಹನ ಒಂದೇ ಸಾಲಿನಲ್ಲಿ ಸಾಗಬೇಕು. ಅವಸರದ ಬೈಕು ಕಾಳಿನ ಮೇಲೆ ಹತ್ತಿದರೆ ಗಾಲಿಗೂ ಡಾಂಬರಿಗೂ ನಡುವೆ ಸಾವಿರಾರು ಕಾಳು ಬಾಲ್‌ಬೇರಿಂಗಿನ ಗುಂಡುಗಳಂತೆ ಉರುಳುತ್ತವೆ. ಜಾರುವ ಘರ್ಷಣೆಗಿಂತ ಉರುಳುವ ಘರ್ಷಣೆ ಕಡಿಮೆ ಎಂದು ನಾವು ಕಪ್ಪುಹಲಗೆಯ ಮೇಲೆ ಬರೆಯುವುದನ್ನು ಅಲ್ಲಿ ಮೊಣಕಾಲು ಕಲಿಯುತ್ತದೆ. ರಾತ್ರಿ ಕಾಳು ಎತ್ತಿದ ಮೇಲೂ ಕಲ್ಲು ಅಲ್ಲೇ ಉಳಿದರೆ ಅದರಷ್ಟು ಕೇಡು ಇನ್ನೊಂದಿಲ್ಲ. ಸೌಜನ್ಯವೆಂಬುದು ಗಾಡಿ ಓಡಿಸುವವರಿಗೆ ಮಾತ್ರ ಸೇರಿದ್ದಲ್ಲ. ರಸ್ತೆಯಲ್ಲಿ ಕಾಳು ಹರವಿದ ಮನೆಯ ಮಕ್ಕಳು ಸಂಜೆ ಆ ಕಲ್ಲುಗಳನ್ನು ಎತ್ತಿಟ್ಟರೂ ಒಂದು ಜೀವ ಉಳಿದೀತು.

ಕೈಸನ್ನೆಯ ಭಾಷೆ

ದಾರಿ ಕೊಡುವುದಕ್ಕೂ ಒಂದು ಭಾಷೆಯಿದೆ. ಹಿಂದೆ ಲೈಸೆನ್ಸಿಗಾಗಿ ಕಲಿಯುವವರು ಕೈಸನ್ನೆಗಳನ್ನು ಉರುಹೊಡೆಯುತ್ತಿದ್ದರು. ಹಿಂದಿನವನಿಗೆ ‘ನೀನು ಮುಂದೆ ಹೋಗು’ ಎನ್ನಬೇಕಾದರೆ ಬಲಗೈಯನ್ನು ಹೊರಗೆ ನೀಳವಾಗಿ ಚಾಚಿ, ಅರ್ಧ ವೃತ್ತ ಬರೆಯುವಂತೆ ಹಿಂದಕ್ಕೂ ಮುಂದಕ್ಕೂ ಬೀಸಬೇಕು. ನಮ್ಮ ಟ್ರ್ಯಾಕ್ಟರು, ಲಾರಿ ಚಾಲಕರಲ್ಲಿ ಹಳಬರು ಈಗಲೂ ಇದನ್ನು ಮಾಡುತ್ತಾರೆ. ಮುಂದೆ ರಸ್ತೆ ಖಾಲಿ ಇದೆಯೆಂದು ನೋಡಿ, ಕೈ ಹೊರಚಾಚಿ, “ಹೋಗಪ್ಪಾ ತಮ್ಮ” ಎಂಬಂತೆ ಬೀಸುತ್ತಾರೆ. ಗುರುತಿಲ್ಲದವನ ಮಗನಿಗೆ ತೋರಿಸುವ ಆ ಅಕ್ಕರೆ ಸಣ್ಣದಲ್ಲ.

ಈಗ ಕೈಯ ಬದಲು ದೀಪ ಬಂದಿದೆ. ದೀಪದ ಭಾಷೆಯಲ್ಲಿ ಗೊಂದಲ ಜಾಸ್ತಿ. ಮುಂದಿನ ಲಾರಿಯ ಬಲಗಡೆಯ ದೀಪ ಮಿನುಗಿದರೆ ‘ನಾನು ಬಲಕ್ಕೆ ತಿರುಗುತ್ತೇನೆ’ ಎಂದೂ ಆಗಬಹುದು, ‘ಎದುರು ಗಾಡಿ ಇದೆ, ಬರಬೇಡ’ ಎಂದೂ ಆಗಬಹುದು, ಕೆಲವರ ರೂಢಿಯಲ್ಲಿ ‘ಬಲಗಡೆಯಿಂದ ಹೋಗು’ ಎಂದೂ ಆಗಬಹುದು. ಒಂದೇ ಪದಕ್ಕೆ ಮೂರು ಅರ್ಥವಾದರೆ ಕವಿತೆಗೆ ಚೆನ್ನ, ರಸ್ತೆಗೆ ಅಪಾಯ. ಆದ್ದರಿಂದ ಇನ್ನೊಬ್ಬನ ಸನ್ನೆಯನ್ನು ಗೌರವದಿಂದ ಸ್ವೀಕರಿಸಿದರೂ ಎದುರು ರಸ್ತೆಯನ್ನು ಸ್ವಂತ ಕಣ್ಣಿನಿಂದ ನೋಡದೆ ಹೊರಬೀಳಬಾರದು.

ನಿಯಮದ ಪುಸ್ತಕವೂ ಇದನ್ನೇ ಹೇಳುತ್ತದೆ. ಭಾರತದಲ್ಲಿ 1989ರ ರಸ್ತೆ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಗಳು ಬಂದವು. ಸಾಮಾನ್ಯವಾಗಿ ಬಲಗಡೆಯಿಂದಲೇ ಮುಂದೆ ಹೋಗಬೇಕು. ಎದುರು ಕಾಣದಿದ್ದರೆ, ಇತರರಿಗೆ ಅಪಾಯವಾಗುವಂತಿದ್ದರೆ ಹೋಗಬಾರದು. ಇವು ಹಿಂದಿನವನಿಗೆ. ಮುಂದಿನವನಿಗೂ ಒಂದು ಮಾತಿದೆ: ಇನ್ನೊಬ್ಬ ನಮ್ಮನ್ನು ದಾಟುತ್ತಿರುವಾಗ ನಾವು ವೇಗ ಹೆಚ್ಚಿಸಬಾರದು, ಅಡ್ಡಿ ಮಾಡಬಾರದು. ಸೌಜನ್ಯ ಎಂದು ನಾವು ಕರೆಯುವುದರ ಒಂದು ಪಾಲು ಹೀಗೆ ಕಾನೂನಿನಲ್ಲೇ ಇದೆ. ‘ನನ್ನನ್ನೇ ದಾಟ್ತಾನಾ’ ಎಂದು ಕಾರಿನ ಆಕ್ಸಿಲೇಟರು ಒತ್ತುವ ದೊಡ್ಡವರು ಇದನ್ನು ಓದಿಕೊಳ್ಳಬೇಕು.

ಬೇರೆ ದೇಶಗಳಲ್ಲಿ

ಸಂದಿಯಲ್ಲಿ ಹೋಗುವುದು ನಮ್ಮ ದೇಶದ ಅಶಿಸ್ತು ಮಾತ್ರ ಎಂದು ತಿಳಿಯಬೇಕಾಗಿಲ್ಲ. ಬ್ರಿಟನ್ನಿನಲ್ಲಿ ನಿಧಾನವಾಗಿ ಸಾಗುವ ವಾಹನಗಳ ನಡುವೆ ಬೈಕು ಹೋಗಲು ಅಡ್ಡಿಯಿಲ್ಲ. ಎಚ್ಚರದಿಂದ, ಕಡಿಮೆ ವೇಗದಲ್ಲಿ ಹೋಗಬೇಕೆಂದು ಅವರ ಹೆದ್ದಾರಿ ಸಂಹಿತೆ ಹೇಳುತ್ತದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯ 2014ರ ಜುಲೈನಲ್ಲಿ ಇದಕ್ಕೆ ಅನುಮತಿ ಕೊಟ್ಟು, ವೇಗ ಗಂಟೆಗೆ 30 ಕಿಲೋಮೀಟರ್ ಮೀರಬಾರದೆಂದು ಕಟ್ಟು ಹಾಕಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2017ರಿಂದ ಕಾನೂನು ಇದನ್ನು ಒಪ್ಪಿದೆ. ಯೂಟಾ ರಾಜ್ಯ 2019ರಲ್ಲಿ ಒಪ್ಪಿತು. ಅಲ್ಲಿ ಪೂರ್ತಿ ನಿಂತ ವಾಹನಗಳ ನಡುವೆ ಮಾತ್ರ, ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿಲೋಮೀಟರಿನೊಳಗೆ ಹೋಗಬಹುದು. ತೈವಾನಿನ ಊರುಗಳಲ್ಲಿ ಸಿಗ್ನಲ್ ದೀಪದ ಬಳಿ ಕಾರುಗಳಿಗಿಂತ ಮುಂದೆ ದ್ವಿಚಕ್ರಗಳಿಗೆಂದೇ ಬಿಳಿ ಗೆರೆಯ ಚೌಕ ಬರೆದಿರುತ್ತಾರೆ.

2015ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದವರು ಬೈಕ್ ಅಪಘಾತಗಳನ್ನು ಪರಿಶೀಲಿಸಿ ಒಂದು ಮುಖ್ಯ ಸಂಗತಿಯನ್ನು ಹೇಳಿದರು. ಸುತ್ತಲಿನ ವಾಹನಗಳು ಗಂಟೆಗೆ 50 ಮೈಲಿ ಮೀರದೆ, ಬೈಕು ಅವುಗಳಿಗಿಂತ 15 ಮೈಲಿಗಿಂತ ಹೆಚ್ಚು ವೇಗದಲ್ಲಿ ಹೋಗದಿದ್ದರೆ ಸಂದಿಯ ಸವಾರಿ ಮಟ್ಟಿಗೆ ಸುರಕ್ಷಿತ. ಅವರ ಅಗಲವಾದ ರಸ್ತೆಗಳ ಲೆಕ್ಕವನ್ನು ದನ, ಟ್ರ್ಯಾಕ್ಟರುಗಳಿರುವ ನಮ್ಮ ರಸ್ತೆಗೆ ಹಾಗೇ ತರಲಾಗದು. ಆದರೆ ತತ್ತ್ವ ಎಲ್ಲ ಕಡೆಗೂ ಒಂದೇ: ವೇಗಕ್ಕಿಂತ ವೇಗದ ವ್ಯತ್ಯಾಸವನ್ನು ನೋಡಬೇಕು.

ಇದನ್ನು ಮಕ್ಕಳು ಕೈಯಾರೆ ಲೆಕ್ಕ ಮಾಡಿ ನೋಡಬಹುದು. ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 11 ಮೀಟರ್. ಎದುರಿಗೆ ಅಡ್ಡ ಬಂದದ್ದನ್ನು ಕಂಡು ಬ್ರೇಕು ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಹೋಗುತ್ತದೆ ಎಂದಿಟ್ಟುಕೊಳ್ಳಿ. 11 ಮೀಟರ್ ಮುಗಿಯಿತು. ವೇಗ ಸೆಕೆಂಡಿಗೆ 5 ಮೀಟರಿನಂತೆ ಇಳಿಯುತ್ತಾ ಬೈಕು ನಿಲ್ಲಲು ಇನ್ನೂ 12 ಮೀಟರ್. ಒಟ್ಟು 23 ಮೀಟರ್, ಎರಡು ಬಸ್ಸಿನ ಉದ್ದ. 20 ಕಿಲೋಮೀಟರ್ ವೇಗದಲ್ಲಾದರೆ ಒಟ್ಟು 9 ಮೀಟರ್ ಸಾಕು. ವೇಗ ಅರ್ಧವಾದಾಗ ಬ್ರೇಕಿನ ದೂರ ಕಾಲುಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುತ್ತದೆ. ಸಂದಿಯಲ್ಲಿ ಕಾಲು ನೆಲಕ್ಕೆ ತಾಗಿಸಿಕೊಂಡು, ಜನ ನಡೆಯುವ ವೇಗಕ್ಕಿಂತ ತುಸು ಹೆಚ್ಚಾಗಿ ಹೋಗುವವನಿಗೆ ಅಜ್ಜಿ ಅಡ್ಡ ಬಂದರೂ ನಿಲ್ಲಲು ಜಾಗವಿದೆ. ನಲವತ್ತರಲ್ಲಿ ಹೋಗುವವನಿಗೆ ಇಲ್ಲ.

ಕೀಲಿ ಯಾರ ಕೈಯಲ್ಲಿ

ಇಷ್ಟು ಹೇಳಲು ಕಾರಣವಿದೆ. ದೇಶದ ಅಂಕಿಅಂಶದ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಸಣ್ಣ ಕಣ ಸೋಸಿ ಮುಂದೆ ಹೋಗುತ್ತದೆ, ನಿಜ. ಆದರೆ ಬಡಿದಾಗ ಪುಡಿಯಾಗುವುದೂ ಅದೇ.

ಎಸ್ಸೆಸ್ಸೆಲ್ಸಿ ಪಾಸಾದರೆ ಬೈಕು ಕೊಡಿಸುತ್ತೇನೆ ಎಂದು ಮಾತು ಕೊಟ್ಟ ತಂದೆಯರನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ಪಾಸಾದಾಗ ಹುಡುಗನಿಗೆ ಹದಿನಾರು ವರ್ಷ ಇರುತ್ತದೆ. ಗೇರು ಇಲ್ಲದ, 50 ಸಿಸಿ ಒಳಗಿನ ಗಾಡಿಗೆ ಮಾತ್ರ ಹದಿನಾರಕ್ಕೆ ಪರವಾನಗಿ. ಅಂಥ ಗಾಡಿ ಈಗ ರಸ್ತೆಯಲ್ಲಿ ಕಾಣುವುದೇ ಅಪರೂಪ. ಉಳಿದದ್ದಕ್ಕೆಲ್ಲ ಹದಿನೆಂಟು ತುಂಬಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ವಯಸ್ಸಾಗದ ಮಗ ಗಾಡಿ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಒಂದು ಬೈಕಿನಲ್ಲಿ ಇಬ್ಬರೇ ಕೂರಬೇಕು, ಇಬ್ಬರ ತಲೆಗೂ ಹೆಲ್ಮೆಟ್ ಇರಬೇಕು. ಕರ್ನಾಟಕದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದು 2016ರ ಜನವರಿಯಲ್ಲಿ.

ದಂಡದ ಮಾತಿಗಿಂತ ದೊಡ್ಡ ಮಾತು ಇನ್ನೊಂದಿದೆ. ಮಕ್ಕಳು ಬೈಕು ಓಡಿಸುವುದನ್ನು ಹದಿನೆಂಟಕ್ಕೆ ಕಲಿತರೂ ರಸ್ತೆಯ ನಡತೆಯನ್ನು ನಾಲ್ಕೈದು ವರ್ಷದಿಂದಲೇ, ಅಪ್ಪನ ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಾಗಲೇ ಕಲಿತಿರುತ್ತಾರೆ. ಅಪ್ಪ ಟ್ರ್ಯಾಕ್ಟರಿನ ಹಿಂದೆ ಸಮಾಧಾನವಾಗಿ ಕಾದನೋ, ಬೈದುಕೊಂಡು ನುಗ್ಗಿದನೋ? ಮುದುಕರು ರಸ್ತೆ ದಾಟುವಾಗ ನಿಲ್ಲಿಸಿದನೋ, ಹಾರ್ನು ಒತ್ತಿದನೋ? ದಾರಿ ಬಿಟ್ಟ ಬಸ್ಸಿನ ಚಾಲಕನಿಗೆ ಕೈ ಎತ್ತಿದನೋ, ನೋಡದೇ ಹೋದನೋ? ಇದಕ್ಕೆ ಪರೀಕ್ಷೆ ಇಲ್ಲ, ಅಂಕಪಟ್ಟಿ ಇಲ್ಲ. ಆದರೂ ಮಕ್ಕಳು ಇದನ್ನು ಮರೆಯುವುದಿಲ್ಲ.

ಸೇತುವೆಯ ಮೇಲೆ

ಹೊನ್ನಾಳಿಯ ರಸ್ತೆಯ ಕೊನೆಯ ಪಾಠ ತುಂಗಭದ್ರೆಯ ಸೇತುವೆಯ ಮೇಲಿದೆ. ಮಳೆಗಾಲದಲ್ಲಿ ಹೊಳೆ ತುಂಬಿ ಬಾಲರಾಜ್ ಘಾಟ್ ಕಡೆಯ ಮನೆಗಳ ಬಾಗಿಲಿಗೆ ನೀರು ಬರುವ ದಿನಗಳಲ್ಲಿ ಊರಿಗೆ ಊರೇ ಸೇತುವೆಯ ಮೇಲೆ ನಿಂತು ಹೊಳೆ ನೋಡುತ್ತದೆ. ಅಂಚಿನಲ್ಲಿ ಬೈಕುಗಳ ಸಾಲು. ನಡುವೆ ಎರಡು ಕಡೆಯ ಬಸ್ಸು, ಲಾರಿ ಸಿಕ್ಕಿಕೊಳ್ಳುತ್ತವೆ. ಇಂಥ ಹೊತ್ತಿನಲ್ಲಿ ಬೈಕುಗಳು ತಮ್ಮ ಸಾಲಿನ ಪಕ್ಕದಲ್ಲಿ ನುಸುಳಿದರೆ ಅಷ್ಟು ತೊಂದರೆಯಿಲ್ಲ. ಎದುರಿನಿಂದ ಬರುವವರ ಪಾಲಿನ ಅರ್ಧ ರಸ್ತೆಯನ್ನೂ ತುಂಬಿಕೊಂಡು ಮುಂದಕ್ಕೆ ಹೋಗಿ ನಿಂತರೆ ಆಯಿತು, ಬೀಗ ಬಿದ್ದಂತೆ. ಆ ಕಡೆಯ ಬೈಕುಗಳೂ ಅದನ್ನೇ ಮಾಡಿರುತ್ತವೆ. ಇತ್ತಲಿನ ಬಸ್ಸಿಗೆ ಹೋಗಲು ಜಾಗವಿಲ್ಲ, ಅತ್ತಲಿನದಕ್ಕೆ ಬರಲು ಜಾಗವಿಲ್ಲ. ಎಲ್ಲರಿಗಿಂತ ಮೊದಲು ದಾಟಬೇಕೆಂದು ಬಂದವರೇ ಯಾರೂ ದಾಟದಂತೆ ಮಾಡುತ್ತಾರೆ. ಹಿಂದೆ ಎಲ್ಲೋ 108ರ ಆಂಬುಲೆನ್ಸು ಕೂಗುತ್ತಿದ್ದರೆ ಅದರೊಳಗಿನವರ ಪಾಡು ಹೇಳುವಂತಿಲ್ಲ.

ಸೇತುವೆಗಳಿಲ್ಲದ ಕಾಲದಲ್ಲಿ ಈ ಹೊಳೆಯನ್ನು ಹರಿಗೋಲಿನಲ್ಲಿ ದಾಟುತ್ತಿದ್ದರು. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ದುಂಡನೆಯ ದೋಣಿ. ಅದರಲ್ಲಿ ಶ್ರೀಮಂತ, ಬಡವ, ಮೂಟೆ, ಮೇಕೆ ಎಲ್ಲಕ್ಕೂ ಒಂದೇ ನಿಯಮ: ಅಂಬಿಗ ಹೇಳಿದಲ್ಲಿ ಕೂರಬೇಕು, ದಡ ಸೇರುವವರೆಗೆ ಏಳಬಾರದು. ಒಬ್ಬ ಅವಸರಪಟ್ಟು ಎದ್ದು ನಿಂತರೆ ಬುಟ್ಟಿ ಮಗುಚಿ ಎಲ್ಲರೂ ನೀರುಪಾಲು. ಗುರುತ್ವಕೇಂದ್ರ ಎಂಬ ಪದ ಕೇಳದವರಿಗೂ ಅದರ ಅರ್ಥ ಗೊತ್ತಿತ್ತು. ರಸ್ತೆ ಹರಿಗೋಲಿಗಿಂತ ಅಗಲ, ಅಷ್ಟೇ ವ್ಯತ್ಯಾಸ. ಅಲ್ಲಿ ಅಂಬಿಗನಿದ್ದ, ಇಲ್ಲಿ ಪ್ರತಿಯೊಬ್ಬರೂ ಅಂಬಿಗರೇ ಆಗಬೇಕು.

ಸೇತುವೆಯ ಬೀಗ ತೆಗೆಯುವವರು ಬಹಳ ಸಲ ಪೊಲೀಸರಲ್ಲ. ಯಾರೋ ಒಬ್ಬ ಲಾರಿಯವನು ಇಳಿದು ಬಂದು, ಗಟ್ಟಿ ದನಿಯಲ್ಲಿ “ಏಯ್ ತಮ್ಮಾ, ಹಿಂದಕ್ಕೆ ತಗಳ್ರೋ” ಎನ್ನುತ್ತಾನೆ. ಹುಡುಗರು ಗೊಣಗುತ್ತಾ ಬೈಕನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತಾರೆ. ಒಂದು ಮೊಳ, ಎರಡು ಮೊಳ ಜಾಗವಾಗುತ್ತದೆ. ಬಸ್ಸು ಆನೆಯಂತೆ ಮೈ ಕುಗ್ಗಿಸಿ ಸಾಗುತ್ತದೆ. ಹಿಂದೆ ಸರಿದ ಹುಡುಗನಿಗೆ ಬಸ್ಸಿನ ಚಾಲಕ ಕಿಟಕಿಯಿಂದ ಕೈ ಎತ್ತುತ್ತಾನೆ. ಹುಡುಗನೂ ತುಸು ನಾಚಿಕೊಂಡು ತಲೆಯಾಡಿಸುತ್ತಾನೆ. ನಾಳೆ ಇದೇ ಹುಡುಗ ಸಂದಿಯ ಬಾಯಲ್ಲಿ ಬ್ರೇಕು ಒತ್ತಿ ಕನ್ನಡಿಯಲ್ಲಿ ಆ ಚಾಲಕನ ಮುಖ ಹುಡುಕಿಯಾನು. ಚಾಲಕನೂ ಅವನನ್ನು ಕಂಡು ಗಾಲಿಯನ್ನು ಒಂದು ಮೊಳ ಪಕ್ಕಕ್ಕೆ ಸರಿಸಿಯಾನು. ಮಕ್ಕಳು ಸಂಜೆ ಕ್ಷೇಮವಾಗಿ ಮನೆಗೆ ಬರಲು ನಮ್ಮೂರಿನ ರಸ್ತೆ ಕೇಳುವುದು ಇಷ್ಟನ್ನೇ.